ಹಳೇ ಗೋವಾಕ್ಕೆ ಒಂದು ಮಧ್ಯಾಹ್ನ ಸಾಕಾ? ಎಲ್ಲಿಂದ ಶುರು ಮಾಡೋದು?

ಉಣಕಲ್ ಕೆರೆ

ಜನವರಿಯಲ್ಲಿ ಮನೆಯವರೆಲ್ಲ ಗೋವಾಕ್ಕೆ ಹೊರಟಿದ್ದೇವೆ. ಹುಬ್ಬಳ್ಳಿಯಿಂದ ಕಾರು. ಮಕ್ಕಳಿಗೆ ಬೀಚು ಸಾಕು. ಆದರೆ ಅಪ್ಪ ಹೈಸ್ಕೂಲಲ್ಲಿ ಸಮಾಜ ಪಾಠ ಮಾಡಿ ನಿವೃತ್ತರಾದವರು, ಅವರಿಗೆ ಹಳೇ ಗೋವಾದ ಚರ್ಚುಗಳನ್ನು ನೋಡಲೇಬೇಕಂತೆ. ಅಮ್ಮನಿಗೆ ಮೊಣಕಾಲು ನೋವು, ಜಾಸ್ತಿ ಮೆಟ್ಟಿಲು ಆಗಲ್ಲ.

ಟೂರಿನವರ ಪಟ್ಟಿ ನೋಡಿದರೆ ಎಲ್ಲರೂ ಒಂದು ತಾಸು ಕೊಡುತ್ತಾರೆ. ಅಷ್ಟು ಸಾಕಾ? ನಾವು ಕ್ರೈಸ್ತರಲ್ಲ, ಒಳಗೆ ಹೋದರೆ ಯಾರೂ ಏನೂ ಅನ್ನಲ್ಲ ಅಲ್ವಾ? ಹೋದವರು ಹೇಳಿ.

ಬಿಸಿಲುಗುದುರೆ

ಒಂದು ತಾಸು ಜಾಸ್ತಿನೇ ಆಯ್ತು. ಎರಡು ಚರ್ಚು, ನಾಲ್ಕು ಫೋಟೊ, ಒಂದು ಎಳನೀರು, ಮುಗೀತು. ಬಿಸಿಲಲ್ಲಿ ಹಿರಿಯರನ್ನು ಸುಮ್ನೆ ಸುತ್ತಿಸಬೇಡಿ.

ಫೆರಿ ಪ್ರಯಾಣಿಕ

ಮೇಲಿನವರ ಮಾತು ಕೇಳಬೇಡಿ. ಕೆಲಸದ ಮೇಲೆ ಪಣಜಿಯಲ್ಲಿ ಕೆಲವು ವರ್ಷ ಇದ್ದವನು ನಾನು. ಒಂದು ತಾಸಿಗೆ ಬಂದು ಹೋಗುವವರು ಬಸ್ಸು ನಿಂತಲ್ಲೇ ಇಳಿಯುತ್ತಾರೆ, ಬೊಮ್ ಜೀಸಸ್ ಬೆಸಿಲಿಕಾ ನೋಡುತ್ತಾರೆ, ರಸ್ತೆ ದಾಟಿ ಸೇ ಕೆಥೆಡ್ರಲ್ ನೋಡುತ್ತಾರೆ, ಹತ್ತಿ ಹೋಗುತ್ತಾರೆ. ಇಷ್ಟು ದೊಡ್ಡ ಚರ್ಚುಗಳು ಈ ತೋಟದ ನಡುವೆ ಯಾಕಿವೆ ಅನ್ನೋದು ಅವರಿಗೆ ಗೊತ್ತೇ ಆಗಲ್ಲ.

ನನ್ನ ಸಲಹೆ ಒಂದೇ. ಶುರು ಮಾಡೋದು ಚರ್ಚಿನಿಂದ ಅಲ್ಲ, ನದಿಯಿಂದ. ಕಾರನ್ನು ನೇರ ಕೆಳಗೆ ಮಾಂಡವಿ ದಡಕ್ಕೆ, ದಿವಾಡಿ ದ್ವೀಪಕ್ಕೆ ಫೆರಿ ಹೋಗುವ ಜೆಟ್ಟಿಗೆ ಒಯ್ಯಿರಿ. ಅಲ್ಲಿ ನೀರಿಗೆ ಬೆನ್ನು ಮಾಡಿ ನಿಂತರೆ ಎದುರಿಗೆ ಕಲ್ಲಿನ ಕಮಾನು ಕಾಣುತ್ತದೆ, ವೈಸರಾಯ್ ಕಮಾನು. ಲಿಸ್ಬನ್ನಿನಿಂದ ತಿಂಗಳುಗಟ್ಟಲೆ ಸಮುದ್ರದ ಮೇಲೆ ಬಂದ ಹೊಸ ಪೋರ್ಚುಗೀಸ್ ವೈಸರಾಯ್ ಇಳಿದು ಇದರ ಕೆಳಗೆ ಹಾದು ಊರೊಳಗೆ ಹೋಗುತ್ತಿದ್ದ. ನದಿ ಕಡೆ ವಾಸ್ಕೋ ಡ ಗಾಮನ ಮೂರ್ತಿ ಇದೆ. ಅದನ್ನು ಹಾಕಿಸಿದ್ದು ಅವನ ಮರಿಮಗ ಫ್ರಾನ್ಸಿಸ್ಕೊ ಡ ಗಾಮ, 1597ರಿಂದ 1600ರವರೆಗೆ ತಾನೇ ವೈಸರಾಯ್ ಆಗಿದ್ದಾಗ. ಮುತ್ತಜ್ಜನಿಗೆ ಸರ್ಕಾರಿ ಖರ್ಚಿನಲ್ಲಿ ಮೂರ್ತಿ! ಈಗ ನಿಂತಿರುವ ಕಮಾನು 1954ರಲ್ಲಿ ಮತ್ತೆ ಕಟ್ಟಿದ್ದು.

ಕಮಾನಿನಿಂದ ಮೇಲಕ್ಕೆ ನಡೆದರೆ ಸಣ್ಣ ಏರು, ಮೆಟ್ಟಿಲಿಲ್ಲ. ಮೊದಲು ಎಡಕ್ಕೆ ಸಂತ ಕಜೆಟಾನ್ ಚರ್ಚು, ಆಮೇಲೆ ಸೇ ಕೆಥೆಡ್ರಲ್, ಕೊನೆಗೆ ರಸ್ತೆ ಆಚೆ ಬೊಮ್ ಜೀಸಸ್. ಆ ಕಾಲದಲ್ಲಿ ಊರು ಇದ್ದದ್ದೇ ಹೀಗೆ, ನದಿಗೆ ಮುಖ ಮಾಡಿಕೊಂಡು. ಹೆದ್ದಾರಿಯಿಂದ ಬರುವವರು ಹಿತ್ತಲ ಬಾಗಿಲಿಂದ ಬಂದ ಹಾಗೆ.

ಅರ್ಧ ದಿನ ಇಟ್ಟುಕೊಳ್ಳಿ. ಬೆಳಿಗ್ಗೆ ಬೇಗ ಹೋದರೆ ಬಿಸಿಲೂ ಇಲ್ಲ, ಶಾಲೆ ಬಸ್ಸುಗಳೂ ಇಲ್ಲ.

ಉಣಕಲ್ ಕೆರೆ

ಇದು ಯಾರೂ ಹೇಳಿರಲಿಲ್ಲ ಸರ್. ಅಪ್ಪನಿಗೆ ಓದಿ ಹೇಳಿದೆ, "ಅವರು ಹೇಳಿದ್ದು ಸರಿ, ಬಂದರು ಮೊದಲು, ಊರು ಆಮೇಲೆ" ಅಂದರು.

ಪಾಂಗಾಳದ ಪೋರಿ

ನಾವು ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರು. ಅಕ್ಕಾ (ಅಣ್ಣನೋ?), ಒಳಗೆ ಹೋಗೋದಕ್ಕೆ ಯಾರೂ ಏನೂ ಅನ್ನಲ್ಲ. ಟಿಕೆಟ್ಟೂ ಇಲ್ಲ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಮಕ್ಕಳು ಬೀಚಿನ ಚಡ್ಡಿಯಲ್ಲೇ ಬಂದರೆ ಬಾಗಿಲಲ್ಲಿ ತಡೆಯಬಹುದು. ಬೊಮ್ ಜೀಸಸ್‌ನಲ್ಲಿ ದಿನಾ ಬಲಿಪೂಜೆ (ಮಾಸ್) ನಡೆಯುತ್ತದೆ, ಅದು ನಿಂತುಹೋದ ಸ್ಮಾರಕ ಅಲ್ಲ. ಭಾನುವಾರ ಬೆಳಿಗ್ಗೆ ಪೂಜೆಗಳು ಸಾಲಾಗಿ ಇರುತ್ತವೆ, ಪ್ರವಾಸಿಗರು ಆ ಹೊತ್ತು ಬಿಟ್ಟು ಹೋದರೆ ಒಳ್ಳೆಯದು.

ಧರ್ಮಪ್ರಚಾರಕ ಸಂತ ಫ್ರಾನ್ಸಿಸ್ ಕ್ಸೇವಿಯರರ ಬಗ್ಗೆ ಮೇಷ್ಟ್ರಿಗೆ ಗೊತ್ತಿರುತ್ತದೆ, ಆದರೂ ಹೇಳ್ತೇನೆ. 1542ರ ಮೇ ತಿಂಗಳಲ್ಲಿ ಗೋವಾಕ್ಕೆ ಬಂದರು. ಇಲ್ಲಿ ಕೂತದ್ದು ಕಡಿಮೆ. ತಮಿಳುನಾಡಿನ ಮೀನುಗಾರರ ಕರಾವಳಿ, ಮಲಾಕ್ಕಾ, ಜಪಾನ್ ಅಂತ ತಿರುಗಿದ್ದೇ ಜಾಸ್ತಿ. 1552ರ ಡಿಸೆಂಬರ್ 3ರಂದು ಚೀನಾದ ಕರಾವಳಿಯ ಶಾಂಗ್‌ಚುವಾನ್ ದ್ವೀಪದಲ್ಲಿ ತೀರಿಹೋದರು. ದೇಹವನ್ನು ಅಲ್ಲಿಂದ ಮಲಾಕ್ಕಾಗೆ, 1554ರಲ್ಲಿ ಗೋವಾಕ್ಕೆ ತಂದರು. ಬಲಗೈಯ ಒಂದು ಭಾಗ 1614ರಲ್ಲಿ ರೋಮಿಗೆ ಹೋಯ್ತು. ಉಳಿದದ್ದರಲ್ಲಿ ಹೆಚ್ಚಿನದು ಇಲ್ಲೇ ಬೊಮ್ ಜೀಸಸ್‌ನಲ್ಲಿದೆ.

ಒಂದು ಮಾತು ಮೊದಲೇ ಹೇಳಿಬಿಡ್ತೇನೆ, ಆಮೇಲೆ ಬೇಜಾರಾಗೋದು ಬೇಡ. ಬೆಳ್ಳಿಯ ಪೆಟ್ಟಿಗೆ ತುಂಬಾ ಎತ್ತರದಲ್ಲಿದೆ. ಕೆಳಗಿಂದ ದೇಹ ಸರಿಯಾಗಿ ಕಾಣಲ್ಲ. ಹತ್ತು ವರ್ಷಕ್ಕೊಮ್ಮೆ ಕೆಳಗಿಳಿಸಿ ಸೇ ಕೆಥೆಡ್ರಲ್ಲಿಗೆ ಒಯ್ದು ದರ್ಶನಕ್ಕೆ ಇಡುತ್ತಾರೆ. ಕಳೆದದ್ದು 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ. ಪ್ರತಿ ವರ್ಷ ಡಿಸೆಂಬರ್ 3ಕ್ಕೆ ಹಬ್ಬ ಇದ್ದೇ ಇದೆ. ಅದಕ್ಕೆ ಮೊದಲು ಒಂಬತ್ತು ದಿನ ನವೇನಾ ಪ್ರಾರ್ಥನೆ. ಬೆಳಗಾವಿ ಕಡೆಯಿಂದ ಕಾಲ್ನಡಿಗೆಯಲ್ಲಿ ಬರುವವರೂ ಇದ್ದಾರೆ.

ಪೆಟ್ಟಿಗೆ ಗೋವಾದ ಅಕ್ಕಸಾಲಿಗರ ಕೆಲಸ, 1637ರ ಹೊತ್ತಿನದು. ಅದರ ಕೆಳಗಿನ ಬಣ್ಣದ ಅಮೃತಶಿಲೆಯ ಕಟ್ಟೆ ಮಾತ್ರ ಇಟಲಿಯದು. ಟಸ್ಕನಿಯ ದೊರೆ ಮೂರನೇ ಕೊಸಿಮೊ ಕೊಟ್ಟದ್ದು, ಶಿಲ್ಪಿ ಫೊಗ್ಗಿನಿ. ಸಂತರ ತಲೆಯಡಿ ಇದ್ದ ದಿಂಬನ್ನು ದೊರೆಗೆ ಕಳಿಸಿದ್ದಕ್ಕೆ ಪ್ರತಿಯಾಗಿ ಅಂತ ಹೇಳುತ್ತಾರೆ. 1698ರಲ್ಲಿ ಜೋಡಿಸಿದರು. ಎಲ್ಲರೂ ಮೇಲೆ ಪೆಟ್ಟಿಗೆ ಕಡೆ ಕತ್ತೆತ್ತಿ ನಿಲ್ಲುತ್ತಾರೆ. ಕೆಳಗೆ ಕಂಚಿನ ಫಲಕಗಳಲ್ಲಿ ಸಂತರ ಬದುಕಿನ ಸನ್ನಿವೇಶಗಳಿವೆ, ಅವನ್ನು ನೋಡದೆ ಹೋಗಬೇಡಿ.

ಮುರಕಲ್ಲು

ನಾನು ಕಟ್ಟಡದ ಕೆಲಸದವನು, ಊರು ಕುಂದಾಪುರ ಹತ್ತಿರ. ನನ್ನ ಹೆಸರೇ ಈ ವಿಷಯಕ್ಕೆ ಸರಿಹೋಗಿದೆ ನೋಡಿ.

ಬೊಮ್ ಜೀಸಸ್ ಯಾಕೆ ಕೆಂಪು, ಉಳಿದದ್ದು ಯಾಕೆ ಬಿಳಿ ಅಂತ ಯಾರಾದರೂ ಕೇಳಿದ್ದೀರಾ? ಎಲ್ಲವೂ ಕಟ್ಟಿದ್ದು ನಮ್ಮ ಮುರಕಲ್ಲಿನಲ್ಲೇ, ಅಂದರೆ ಕೆಂಪು ಜಂಬಿಟ್ಟಿಗೆಯಲ್ಲಿ. ಎಲ್ಲದಕ್ಕೂ ಸುಣ್ಣದ ಗಾರೆ ಇತ್ತು. 1950ರ ದಶಕದಲ್ಲಿ, ಇನ್ನೂ ಪೋರ್ಚುಗೀಸರ ಆಡಳಿತ ಇದ್ದಾಗಲೇ, ಬೊಮ್ ಜೀಸಸ್‌ನ ಹೊರಗಿನ ಗಾರೆಯನ್ನು ಕಿತ್ತು ಹಾಕಿದರು. ಹಳೆಯ ಕಟ್ಟಡ ಹಳೆಯದಾಗಿಯೇ ಕಾಣಲಿ ಅಂತ. ಈಗ ಎಲ್ಲರ ಫೋಟೊದಲ್ಲಿ ಚೆಂದ ಬರುವುದು ಆ ಕೆಂಪೇ.

ಆದರೆ ಮುರಕಲ್ಲಿನ ಗುಣ ಕರಾವಳಿಯವರಿಗೆ ಗೊತ್ತು. ಮೈತುಂಬ ತೂತು. ನೆಲದಿಂದ ಕಡಿಯುವಾಗ ಮೆತ್ತಗೆ, ಗಾಳಿಗೆ ಬಂದ ಮೇಲೆ ಗಟ್ಟಿ. ಮಳೆ ನೇರ ಹೊಡೆದರೆ ನೀರು ಕುಡಿಯುತ್ತದೆ, ಪಾಚಿ ಹಿಡಿಯುತ್ತದೆ, ಅಂಚು ಉದುರುತ್ತದೆ. ಕರಾವಳಿಯ ಮಳೆ ಅಂದರೆ ಗೊತ್ತಲ್ಲ. ಮತ್ತೆ ಗಾರೆ ಹಾಕಿ ಅಂತ ಒಂದು ಕಡೆಯವರು, ಜನಕ್ಕೆ ಗೊತ್ತಿರುವ ರೂಪ ಕೆಡಿಸಬೇಡಿ ಅಂತ ಇನ್ನೊಂದು ಕಡೆಯವರು. ಈ ಜಗಳ ಇನ್ನೂ ಮುಗಿದಿಲ್ಲ. ನಾನು ಗಾರೆ ಪಕ್ಷ. 1605ರಲ್ಲಿ ಪ್ರತಿಷ್ಠೆ ಆದ ಕಟ್ಟಡ ಅಷ್ಟು ಮಳೆಗಾಲ ತಡೆದದ್ದು ಮೈಮೇಲೆ ಸುಣ್ಣ ಇದ್ದದ್ದಕ್ಕೆ. ಸೇ ಕೆಥೆಡ್ರಲ್ ಹತ್ತಿರ ಹೋಗಿ ಗೋಡೆ ಮುಟ್ಟಿ ನೋಡಿ, ಆಮೇಲೆ ಬೊಮ್ ಜೀಸಸ್ ಗೋಡೆ ನೋಡಿ.

ಮುಂಭಾಗದ ಕಂಬ, ಕೆತ್ತನೆಗೆ ಹಾಕಿರುವ ಕಪ್ಪು ಕಲ್ಲು ಬೇರೆ. ಅದು ಮುಂಬೈ ಹತ್ತಿರದ ವಸಾಯಿ ಕಡೆಯಿಂದ ಹಡಗಿನಲ್ಲಿ ಬಂದದ್ದು. ಮುರಕಲ್ಲಿನಲ್ಲಿ ಅಷ್ಟು ನವಿರು ಕೆತ್ತನೆ ನಿಲ್ಲಲ್ಲ.

ಬಿಸಿಲುಗುದುರೆ

ಕೆಂಪು ಇಲ್ಲದಿದ್ದರೆ ಅದು ಇನ್ನೊಂದು ಬಿಳಿ ಚರ್ಚು ಅಷ್ಟೇ. ಇರಲಿ ಬಿಡಿ ಹಾಗೇ.

ಮುರಕಲ್ಲು

ಕೆಂಪಾಗಿ ಇರಲಿ ಅಂತೀರಿ, ಉದುರಿಹೋದ ಮೇಲೆ ಏನನ್ನು ನೋಡ್ತೀರಿ?

ಗೋಳಗುಮ್ಮಟ

ಬಿಜಾಪುರದವನಾಗಿ ನಾನೊಂದು ಸೇರಿಸಲೇಬೇಕು. ಈಗ ವಿಜಯಪುರ ಅನ್ನಿ.

ಫೆರಿ ಸರ್ ಹೇಳಿದ ದಾರಿಯಲ್ಲಿ, ಸಂತ ಕಜೆಟಾನ್ ಚರ್ಚಿನ ಎದುರಿಗೆ, ಒಂದು ಒಂಟಿ ಬಾಗಿಲುವಾಡ ನಿಂತಿದೆ. ಕಪ್ಪು ಕಲ್ಲಿನ ಎರಡು ಕಂಬ, ಮೇಲೆ ತೊಲೆ, ಪಕ್ಕದಲ್ಲಿ ಜಾಲಂಧ್ರದ ತುಂಡು. ಹಿಂದೆ ಮುಂದೆ ಏನೂ ಇಲ್ಲ. ಜನ ಅದರ ಪಕ್ಕವೇ ಹಾದು ಹೋಗ್ತಾರೆ. ಅದು ಆದಿಲ್‌ಶಾಹಿ ಅರಮನೆಯ ಬಾಗಿಲು ರೀ! ಪೋರ್ಚುಗೀಸರು ಬರುವ ಮುಂಚೆ ಈ ಊರು ನಮ್ಮ ಬಿಜಾಪುರ ಸುಲ್ತಾನರದು. ಅರಬ್ಬಿ ಕುದುರೆಗಳು ಇಳಿಯುತ್ತಿದ್ದ ಬಂದರು. ಅದನ್ನು ಗೆದ್ದ ಮೇಲೆ ಪೋರ್ಚುಗೀಸ್ ಗವರ್ನರುಗಳು 1554ರವರೆಗೆ ಆದಿಲ್‌ಶಹನ ಮನೆಯಲ್ಲೇ ಇದ್ದರು. ಕಂಬದ ಕೆತ್ತನೆ ನೋಡಿದರೆ ಅದು ಇನ್ನೂ ಹಳೆಯ ಗುಡಿಯದ್ದು ಅನ್ನಿಸುತ್ತದೆ. ಅಂದರೆ ಒಂದು ಬಾಗಿಲಲ್ಲಿ ಮೂರು ರಾಜ್ಯ.

ಇನ್ನೊಂದು. 1510ರಲ್ಲಿ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್ ಗೋವಾ ಮೇಲೆ ಬಿದ್ದದ್ದು ತನ್ನ ಬುದ್ಧಿಯಿಂದಲೇ ಅಲ್ಲ. ಅವನಿಗೆ ದಾರಿ ತೋರಿದ್ದು ಹೊನ್ನಾವರದ ತಿಮ್ಮಯ್ಯ, ಪೋರ್ಚುಗೀಸರ ಬರಹದಲ್ಲಿ ತಿಮೋಜ. ಸಮುದ್ರದ ಮೇಲೆ ಸ್ವಂತ ಹಡಗುಪಡೆ ಇಟ್ಟುಕೊಂಡವನು. ವರ್ಷದ ಆರಂಭದಲ್ಲಿ ಊರು ಸಿಕ್ಕಿತು, ಮೇ ತಿಂಗಳಲ್ಲಿ ಬಿಜಾಪುರದ ಸೈನ್ಯ ಬಂದು ಓಡಿಸಿತು, ನವೆಂಬರ್ 25ಕ್ಕೆ ಅಲ್ಬುಕರ್ಕ್ ಮತ್ತೆ ಗೆದ್ದ. ಅದು ಸಂತ ಕ್ಯಾಥರೀನಳ ಹಬ್ಬದ ದಿನ. ಅದಕ್ಕೇ ಸೇ ಕೆಥೆಡ್ರಲ್ ಅವಳ ಹೆಸರಲ್ಲಿದೆ, ದೊಡ್ಡ ಚಿನ್ನದ ಪೀಠದಲ್ಲಿ ಅವಳ ಕಥೆಯೇ ಕೆತ್ತಿದ್ದು. ಊರೊಳಗೆ ನುಗ್ಗಿದ ಜಾಗದಲ್ಲಿ ಕಟ್ಟಿಸಿದ ಸಣ್ಣ ಚಾಪೆಲ್ ಕೆಥೆಡ್ರಲ್ ಹಿಂದೆ ಪಶ್ಚಿಮಕ್ಕೆ ಇದೆ. ಅಲ್ಲಿ ಯಾರೂ ಇರಲ್ಲ, ಕೂತು ಉಸಿರು ತಗೊಳ್ಳಲಿಕ್ಕೆ ಒಳ್ಳೆ ಜಾಗ.

ಅಪ್ಪ ಅವರು ಸಮಾಜದ ಮೇಷ್ಟ್ರು ಅಂದ್ರಲ್ಲ, ಅವರಿಗೆ ಇದು ಇಷ್ಟ ಆಗುತ್ತದೆ.

ಫೆರಿ ಪ್ರಯಾಣಿಕ

ಗುಮ್ಮಟ ಸರ್, ಸರಿಯಾಗಿ ಹೇಳಿದಿರಿ. ಮ್ಯೂಸಿಯಮ್ಮನ್ನೂ ಸೇರಿಸಿ. ಸಂತ ಫ್ರಾನ್ಸಿಸ್ ಅಸಿಸಿ ಚರ್ಚಿಗೆ ಅಂಟಿಕೊಂಡು ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯ ಇದೆ. ಮಹಡಿಯಲ್ಲಿ ವೈಸರಾಯ್‌ಗಳ ಚಿತ್ರಗಳ ಸಾಲು. ಜನ ಅದಕ್ಕೇ ಹೋಗೋದು. ನನಗೆ ಕೆಳಗಿನ ವೀರಗಲ್ಲುಗಳೇ ಇಷ್ಟ. ಗೋವಾ ಕದಂಬರ ಕಾಲದವು. ನಮ್ಮ ಹಾನಗಲ್, ಶಿಕಾರಿಪುರ ಕಡೆ ವೀರಗಲ್ಲಿನಲ್ಲಿ ಕುದುರೆ, ತುರುಗಳು ಇರುತ್ತವೆ. ಇಲ್ಲಿ ಹಡಗಿನ ಮೇಲೆ ಕಾದಾಡಿ ಸತ್ತವನ ಕಲ್ಲು ಇದೆ.

ಮ್ಯೂಸಿಯಂ ಶುಕ್ರವಾರ ರಜೆ. ಇದನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಿ.

ಕೊಡಚಾದ್ರಿ ಮಂಜು

ಎಲ್ಲ ಸರಿ. ಅಲ್ಲಿ ನಡೆದ ಹಿಂಸೆ ಬಗ್ಗೆ ಯಾಕೆ ಯಾರೂ ಮಾತಾಡ್ತಿಲ್ಲ? ಇನ್‌ಕ್ವಿಸಿಶನ್ ಅಂತ ಒಂದಿತ್ತಲ್ಲ, ಮತದ ಕಟ್ಟಳೆ ಮೀರಿದವರನ್ನು ಹಿಡಿದು ಶಿಕ್ಷಿಸುವ ಚರ್ಚಿನ ನ್ಯಾಯಾಲಯ. ಅಲ್ಲಿ ಹೋಗಿ ಕೈಮುಗಿದು ಬರಬೇಕಾ?

ಬಿಸಿಲುಗುದುರೆ

[ನಿರ್ವಾಹಕರು ಅಳಿಸಿದ್ದಾರೆ]

ನಿರ್ವಾಹಕ

ಇತಿಹಾಸ ಮಾತಾಡಿ, ಧರ್ಮದ ಜಗಳ ಬೇಡ. ಪ್ರಶ್ನೆ ಸರಿಯಾಗಿದೆ, ಉತ್ತರವೂ ಸರಿಯಾಗಿ ಬರಲಿ.

ಪಾಂಗಾಳದ ಪೋರಿ

ಮಂಜು ಅವರೇ, ಪ್ರಶ್ನೆ ಕೇಳಿದ್ದು ಒಳ್ಳೆಯದೇ ಆಯ್ತು. ಉತ್ತರ ಹೇಳಲಿಕ್ಕೆ ನಾನೇ ಸರಿ, ಯಾಕೆಂದರೆ ನಮ್ಮ ಜನ ಕರ್ನಾಟಕದ ಕರಾವಳಿಯಲ್ಲಿ ಇರೋದಕ್ಕೆ ಅದೂ ಒಂದು ಕಾರಣ.

ಗೋವಾದ ಇನ್‌ಕ್ವಿಸಿಶನ್ 1560ರಲ್ಲಿ ಶುರುವಾಗಿ, ನಡುವೆ ಕೆಲವು ವರ್ಷ ನಿಂತು, 1812ರಲ್ಲಿ ರದ್ದಾಯಿತು. ಮೊದಲು ಹಿಡಿದದ್ದು ಯಹೂದಿ ಮೂಲದ ಪೋರ್ಚುಗೀಸರನ್ನು. ಮೂಲಿಕೆಗಳ ಬಗ್ಗೆ ಬರೆದ ವೈದ್ಯ ಗಾರ್ಸಿಯಾ ಡ ಓರ್ತಾ 1568ರಲ್ಲಿ ತೀರಿಹೋದ. 1580ರಲ್ಲಿ ಅವನ ಎಲುಬುಗಳನ್ನು ಗೋರಿಯಿಂದ ತೆಗೆದು ಸುಟ್ಟರು. ಈಗ ಪಣಜಿಯ ಉದ್ಯಾನಕ್ಕೆ ಅವನದೇ ಹೆಸರು! ಆಮೇಲೆ ಹೆಚ್ಚಾಗಿ ಸಿಕ್ಕಿಬಿದ್ದವರು ಮತಾಂತರ ಆದ ಸ್ಥಳೀಯರು. ಮನೆಯಲ್ಲಿ ಹಳೆಯ ಆಚಾರ ಇಟ್ಟುಕೊಂಡರು ಅಂತ. ಅಂದರೆ ನಮ್ಮವರೇ. ಆ ಭಯ, ತೆರಿಗೆ, ಬರ, ಯುದ್ಧ ಎಲ್ಲ ಸೇರಿ ಜನ ದಕ್ಷಿಣಕ್ಕೆ ಕಾರವಾರ, ಕುಮಟಾ, ಮಂಗಳೂರು ಕಡೆ ಬಂದರು. ಮಾತು, ಅಡುಗೆ ಜೊತೆಗೆ ತಂದರು, ಧರ್ಮವನ್ನೂ ಬಿಡಲಿಲ್ಲ.

ಅದರ ಕಚೇರಿ ಇದ್ದದ್ದು ಗುಮ್ಮಟ ಸರ್ ಹೇಳಿದ ಆದಿಲ್‌ಶಹನ ಮನೆಯಲ್ಲೇ. ಗವರ್ನರು ಬಿಟ್ಟುಹೋದ ಮೇಲೆ ಇವರಿಗೆ ಸಿಕ್ಕಿತು. 19ನೇ ಶತಮಾನದಲ್ಲಿ ಅದನ್ನು ಕೆಡವಿದರು, ಈಗ ಬರೀ ಹುಲ್ಲು. ಒಂದು ದೊಡ್ಡ ಫಲಕ ಅಲ್ಲಿ ಇರಬೇಕಿತ್ತು ಅನ್ನೋದು ನನ್ನ ಅಭಿಪ್ರಾಯ.

ಕೈಮುಗಿಯೋದು ನಿಮಗೆ ಬಿಟ್ಟದ್ದು. ನಮ್ಮ ಅಜ್ಜಿ ಮುಗಿಯುತ್ತಿದ್ದರು. ಇನ್‌ಕ್ವಿಸಿಶನ್ ಸುದ್ದಿ ತೆಗೆದರೆ ಬೈಯುತ್ತಲೂ ಇದ್ದರು.

ಕುಮಟಾ ಕಾಮತಿ

ನಾವು ಗೌಡ ಸಾರಸ್ವತರು. ನಮ್ಮ ಹಿರಿಯರೂ ಅದೇ ಕಾಲದಲ್ಲಿ ಬಂದವರು. ಉಣಕಲ್ ಅವರೇ, ನೀವು ಬೆಳಗಾವಿ ಬಿಟ್ಟು ಅನಮೋಡ ಘಾಟಿಯಲ್ಲಿ ಇಳಿದರೆ ಫೋಂಡಾ ದಾಟಿದ ಮೇಲೆ ಮಂಗೇಶಿ ದೇವಸ್ಥಾನ ಸಿಗುತ್ತದೆ. ಆ ದೇವರು ಮೊದಲು ಇದ್ದದ್ದು ಝುವಾರಿ ನದಿ ದಡದ ಕುಶಸ್ಥಳಿಯಲ್ಲಿ, ಈಗ ಅದು ಕೊರ್ಟಾಲಿಂ. 1560ರ ಹೊತ್ತಿಗೆ ಲಿಂಗವನ್ನು ನದಿ ದಾಟಿಸಿ ತಂದರು. ಫೋಂಡಾ ಕಡೆ ಆಗ ಪೋರ್ಚುಗೀಸರ ಕೈಯಲ್ಲಿ ಇರಲಿಲ್ಲ, ಬಿಜಾಪುರದವರ ಕೈಯಲ್ಲಿತ್ತು. ಕವಳೆಯ ಶಾಂತಾದುರ್ಗೆ ಕಥೆಯೂ ಹೀಗೇ. ಮಂಗೇಶಿಯಿಂದ ಹಳೇ ಗೋವಾ ಅರ್ಧ ತಾಸೂ ಇಲ್ಲ. ಎರಡನ್ನೂ ಒಂದೇ ದಿನ ನೋಡಿದರೆ ಮೇಷ್ಟ್ರಿಗೆ ಪೂರ್ತಿ ಪಾಠ.

ಗೋಳಗುಮ್ಮಟ

ಕಾಮತಿಯವರೇ, ನಮ್ಮ ಸುಲ್ತಾನರ ಪರವಾಗಿ ಧನ್ಯವಾದ 😀

ಕೊಡಚಾದ್ರಿ ಮಂಜು

ಪೋರಿ ಅವರೇ, ಧನ್ಯವಾದ. ಇಷ್ಟು ನೇರವಾಗಿ ಯಾರೂ ಹೇಳಿರಲಿಲ್ಲ.

ಉಣಕಲ್ ಕೆರೆ

ಅಬ್ಬಾ. ಈ ಚರ್ಚೆಯನ್ನು ಪ್ರಿಂಟ್ ತೆಗೆಸಿ ಅಪ್ಪನಿಗೆ ಕೊಟ್ಟಿದ್ದೇನೆ. ಇನ್ನೊಂದು ಪ್ರಶ್ನೆ, ಗುಡ್ಡದ ಮೇಲೆ ಮುರಿದ ಗೋಪುರ ಒಂದು ಫೋಟೊದಲ್ಲಿ ಕಾಣುತ್ತದೆ. ಅಲ್ಲಿಗೆ ಅಮ್ಮ ಹತ್ತಬಹುದಾ?

ಫೆರಿ ಪ್ರಯಾಣಿಕ

ಸಂತ ಅಗಸ್ಟಿನ್ ಗೋಪುರ. ಕಾರು ಹತ್ತಿರದವರೆಗೂ ಹೋಗುತ್ತದೆ. ಅಮ್ಮ ನೆರಳಲ್ಲಿ ಕೂತು ನೋಡಬಹುದು, ಒಳಗೆ ಮಾತ್ರ ಏರುಪೇರು ನೆಲ.

ನನಗೆ ಇಡೀ ಹಳೇ ಗೋವಾದಲ್ಲಿ ಇದೇ ಹೆಚ್ಚು ಇಷ್ಟ. 46 ಮೀಟರ್ ಎತ್ತರ, ಗೋಪುರದ ಅರ್ಧ ಮಾತ್ರ ಉಳಿದಿದೆ. 1602ರಲ್ಲಿ ಕಟ್ಟಿದ್ದು. 1835ರಲ್ಲಿ ಮಠಗಳನ್ನು ಮುಚ್ಚಿಸಿದಾಗ ಅಗಸ್ಟಿನ್ ಪಂಥದವರು ಬಿಟ್ಟುಹೋದರು. ನೋಡಿಕೊಳ್ಳುವವರಿಲ್ಲದೆ 1842ರಲ್ಲಿ ಚಾವಣಿ ಕುಸಿಯಿತು. 1931ರಲ್ಲಿ ಮುಂಭಾಗ ಬಿತ್ತು. ಅದರ ಗಂಟೆ ಈಗ ಪಣಜಿಯ ಮೆಟ್ಟಿಲು ಮೆಟ್ಟಿಲಾದ ಬಿಳಿ ಚರ್ಚಿನಲ್ಲಿ ತೂಗುತ್ತಿದೆ. ಮುರಕಲ್ಲು ಸರ್ ಗಾರೆ ವಾದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಇಲ್ಲೊಂದು ವಿಚಿತ್ರ ಕಥೆ ಇದೆ. ಜಾರ್ಜಿಯಾ ದೇಶದ ರಾಣಿ ಕೆತೆವಾನ್. ಮತ ಬಿಡಲ್ಲ ಅಂದದ್ದಕ್ಕೆ 1624ರಲ್ಲಿ ಇರಾನಿನ ಶಿರಾಜಿನಲ್ಲಿ ಅವಳನ್ನು ಕೊಂದರು. ಅಗಸ್ಟಿನ್ ಪಂಥದ ಪಾದ್ರಿಗಳು ಅವಳ ಎಲುಬಿನ ಒಂದು ಭಾಗವನ್ನು ಗೋವಾಕ್ಕೆ ತಂದು ಈ ಮಠದಲ್ಲಿ ಇಟ್ಟಿದ್ದರು ಅಂತ ಹಳೇ ಬರಹಗಳಲ್ಲಿತ್ತು. ಪುರಾತತ್ವ ಇಲಾಖೆಯವರು ಅಗೆದು ಒಂದು ಕೈ ಎಲುಬು ಹುಡುಕಿದರು. ಹೈದರಾಬಾದಿನ ಜೀವಕೋಶ ಸಂಶೋಧನಾ ಸಂಸ್ಥೆ ಸಿಸಿಎಂಬಿಯ ವಿಜ್ಞಾನಿಗಳು ಡಿಎನ್‌ಎ ನೋಡಿ, ಇದು ಭಾರತದ್ದಲ್ಲ, ಜಾರ್ಜಿಯಾ ಕಡೆಯ ವಂಶಕ್ಕೆ ಹೊಂದುತ್ತದೆ ಅಂತ 2013ರಲ್ಲಿ ತೋರಿಸಿದರು. 2021ರಲ್ಲಿ ಭಾರತ ಸರ್ಕಾರ ಅದರ ಒಂದು ಭಾಗವನ್ನು ಜಾರ್ಜಿಯಾಕ್ಕೆ ಕೊಟ್ಟಿತು. ಅಲ್ಲಿ ಅವಳು ಸಂತಳು. ಇಲ್ಲಿ ಕುರುಚಲು ಹುಲ್ಲಿನ ನಡುವೆ ಗೋರಿಕಲ್ಲುಗಳು.

ರೈಲುಪ್ರೇಮಿ

ಕಾರು ಇಲ್ಲದವರಿಗೆ: ಕೊಂಕಣ ರೈಲಿನ ಕರ್ಮಲಿ ನಿಲ್ದಾಣ ಹಳೇ ಗೋವಾಕ್ಕೆ ತೀರಾ ಹತ್ತಿರ. ಎಲ್ಲ ಗಾಡಿ ನಿಲ್ಲಲ್ಲ, ನೋಡಿ ಟಿಕೆಟ್ ಮಾಡಿ. ಪಣಜಿಯಿಂದ ಸುಮಾರು 10 ಕಿಲೋಮೀಟರ್, ಬಸ್ಸು ಸಿಗುತ್ತಲೇ ಇರುತ್ತವೆ. ರಿಬಂದರ್ ಮೇಲೆ ಹೋಗುವ ಬಸ್ಸು ಹಿಡಿಯಿರಿ. ಪಣಜಿ ಬಿಟ್ಟ ಕೂಡಲೇ ನೀರಿನ ಪಕ್ಕ ಉದ್ದಕ್ಕೆ ಸಿಗುವ ಸೇತುವೆ 1630ರ ದಶಕದ್ದು, ಇಂದಿಗೂ ಅದರ ಮೇಲೆ ವಾಹನ ಓಡುತ್ತದೆ.

ಖಾನಾಪುರ ಕಾಡು

ಅಂದ ಹಾಗೆ, ಎಲ್ಲರೂ ಮಾಂಡವಿ ಮಾಂಡವಿ ಅಂತಿದ್ದೀರಿ. ಅದು ನಮ್ಮ ತಾಲ್ಲೂಕಿನ ಭೀಮಗಡ ಕಾಡಲ್ಲಿ ಹುಟ್ಟುವ ಮಹದಾಯಿ. ಗೊತ್ತಿರಲಿ.

ನಿರ್ವಾಹಕ

ಕಳಸಾ ಬಂಡೂರಿ ಇಲ್ಲಿ ಬೇಡ. ದಯವಿಟ್ಟು. ಅದಕ್ಕೆ ಬೇರೆ ಎಳೆ ಇದೆ.

ಉಣಕಲ್ ಕೆರೆ

ಎಲ್ಲರಿಗೂ ಧನ್ಯವಾದ. ಹೀಗೆ ಮಾಡ್ತಿದ್ದೇವೆ: ಹಿಂದಿನ ದಿನ ಬರುವಾಗ ಮಂಗೇಶಿ, ರಾತ್ರಿ ಪಣಜಿಯಲ್ಲಿ. ಗುರುವಾರ ಬೆಳಿಗ್ಗೆ ಜೆಟ್ಟಿಯಿಂದ ಶುರು. ಬಾಗಿಲು, ಕೆಥೆಡ್ರಲ್, ಮ್ಯೂಸಿಯಂ, ಬೊಮ್ ಜೀಸಸ್. ಗೋಪುರಕ್ಕೆ ಅಪ್ಪ ನಾನು ಮಾತ್ರ. ಫೆರಿಯಲ್ಲಿ ದಿವಾಡಿಗೂ ಹೋಗಿಬರಬೇಕಂತೆ ಮಕ್ಕಳಿಗೆ. ಕಾರು ಹತ್ತಿಸಬೇಕಾ?

ಫೆರಿ ಪ್ರಯಾಣಿಕ

ಕಾರು ದಡದಲ್ಲೇ ಬಿಡಿ. ನಡೆದು ಹತ್ತುವವರಿಗೆ ಟಿಕೆಟ್ ಇಲ್ಲ. ಮಕ್ಕಳನ್ನು ಕರೆದುಕೊಂಡು ಆಚೆ ಹೋಗಿ, ಅದೇ ಫೆರಿಯಲ್ಲಿ ತಿರುಗಿ ಬನ್ನಿ. ಬರುವಾಗ ಎದುರಿನ ರೇಲಿಂಗ್ ಹತ್ತಿರ ನಿಲ್ಲಿ, ಮರಗಳ ಮೇಲೆ ಕಜೆಟಾನ್ ಚರ್ಚಿನ ಗುಮ್ಮಟ ಕಾಣುತ್ತದೆ. ಊಟಕ್ಕೆ ಪಣಜಿಗೇ ವಾಪಸ್ ಹೋಗಿ, ಚರ್ಚಿನ ಸುತ್ತ ಹಿರಿಯರಿಗೆ ಕೂತು ಉಣ್ಣುವಂಥ ಜಾಗ ಕಡಿಮೆ.